ಜಮೀನಿಗೆ ಪಹಣಿ ಇದೆ, ನಮ್ಮ ಕೆಲಸಕ್ಕೆ ಏನಿದೆ?

ಕಳೆದ ವರ್ಷ ಒಂದು ಸಂಸ್ಥೆಗೆ ಕೆಲಸಕ್ಕೆ ಅರ್ಜಿ ಹಾಕಿದ್ದೆವು. ಹಳ್ಳಿ ಹಳ್ಳಿ ಸುತ್ತಿ ವರದಿ ಬರೆಯುವ ಕೆಲಸ, ತಿಂಗಳಿಗೆ ಸಂಬಳ. ಹನ್ನೊಂದು ವರ್ಷದಿಂದ ನಾವು ಮಾಡುತ್ತಿರುವುದೂ ಅದನ್ನೇ, ಸಂಬಳ ಒಂದಿಲ್ಲ ಅಷ್ಟೆ. ಫೋನ್ ಮಾಡಿದ ಮೇಡಂ ಎಲ್ಲ ವಿಚಾರಿಸಿ ಕೊನೆಗೆ ಒಂದು ಮಾತು ಕೇಳಿದರು: "ಸರ್, ನಿಮ್ಮ ಬರಹಗಳ ಲಿಂಕ್ ಕಳಿಸ್ತೀರಾ?"

ಲಿಂಕ್ ಎಲ್ಲಿಂದ ತರುವುದು? ನಮ್ಮ ಬರಹಗಳೆಲ್ಲ ಪಂಚನಹಳ್ಳಿಯ ಮನೆಯ ಅಟ್ಟದ ಮೇಲೆ ಒಂದು ರಾಗಿ ಚೀಲದಲ್ಲಿದ್ದವು. ರಾತ್ರಿ ಚೀಲ ಇಳಿಸಿ ಸುರಿದರೆ ತಳದ ಕಟ್ಟನ್ನು ಗೆದ್ದಲು ತಿಂದಿತ್ತು. ಉಳಿದ ಪೇಪರ್ ಕಟಿಂಗ್‌ಗಳನ್ನು ಎಣಿಸುತ್ತಾ ಹೋದೆವು. ನಮ್ಮ ಹೆಸರು ಇದ್ದದ್ದು ನಾಲ್ಕರಲ್ಲಿ ಮಾತ್ರ. ಉಳಿದದ್ದೆಲ್ಲ "ಕಡೂರು ಸುದ್ದಿ", "ನಮ್ಮ ವರದಿಗಾರರಿಂದ".

ಮೂರನೇ ಕ್ಲಾಸಿನ ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಕಟಿಂಗ್ ಎತ್ತಿ ನೋಡುತ್ತಿದ್ದಳು. "ಅಪ್ಪಾ, ಇದೆಲ್ಲಾ ನೀನೇ ಬರ್ದಿದ್ದಾ? ಮತ್ತೆ ನಿನ್ ಹೆಸ್ರೇ ಇಲ್ವಲ್ಲ?"

ಆ ಕೆಲಸ ನಮಗೆ ಸಿಗಲಿಲ್ಲ. ಸಿಕ್ಕವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಹನ್ನೊಂದು ವರ್ಷ ದುಡಿದವನ ಕೈಯಲ್ಲಿ ದುಡಿದದ್ದಕ್ಕೆ ಒಂದು ಗುರುತೂ ಇಲ್ಲ ಎಂಬುದನ್ನು ಮಾತ್ರ ನುಂಗಲಾಗಲಿಲ್ಲ. ನಮ್ಮ ಹೆಸರಿನ ವೆಬ್‌ಸೈಟನ್ನು ನಾವೇ ಕಟ್ಟುವುದು ಎಂದು ಅವತ್ತೇ ತೀರ್ಮಾನ ಮಾಡಿದೆವು. ಅದು ಎಲ್ಲಿಗೆ ಬಂತು ಎಂಬ ಲೆಕ್ಕ ಇಲ್ಲಿದೆ. ಜೊತೆಗೆ ಒಂದಷ್ಟು ಜಗಳವೂ ಇದೆ.

ದಾಖಲೆ ಯಾರಿಗಿದೆ, ಯಾರಿಗಿಲ್ಲ

ನಮ್ಮ ಹೋಬಳಿಯ ಯಾವ ರೈತನನ್ನೇ ಕೇಳಿ, ಪಹಣಿ ಎಂದರೇನು ಎಂದು ಹೇಳುತ್ತಾನೆ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು. 11ರಲ್ಲಿ ಸಾಲ, ಋಣ. 12ರಲ್ಲಿ ಸಾಗುವಳಿ ಯಾರದು, ಏನು ಬೆಳೆದಿದ್ದಾರೆ ಎಂಬ ವಿವರ. ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಇಪ್ಪತ್ತು ವರ್ಷದ ಮೇಲಾಯಿತು. ಹತ್ತು ಗುಂಟೆ ಇದ್ದವನೂ ತನ್ನ ಜಮೀನಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ತೋರಿಸಬಲ್ಲ.

ಸರ್ಕಾರಿ ನೌಕರನಿಗೆ ಸೇವಾ ಪುಸ್ತಕ ಇದೆ. ಯಾವತ್ತು ಸೇರಿದ, ಎಲ್ಲಿಗೆ ವರ್ಗವಾದ, ಎಷ್ಟು ರಜೆ ಹಾಕಿದ, ಎಲ್ಲ ಅದರಲ್ಲಿ ಬರೆದಿರುತ್ತದೆ.

ಇನ್ನು ನಮ್ಮಂಥವರು? ಮೋಟರ್ ರಿವೈಂಡಿಂಗ್ ಮಾಡುವವರು, ಮದುವೆ ಮನೆಗೆ ಅಡುಗೆ ಮಾಡುವವರು, ಮನೆಯಲ್ಲೇ ಬ್ಲೌಸ್ ಹೊಲಿಯುವ ಅಕ್ಕಂದಿರು, ವೀರಗಾಸೆ ಕುಣಿಯುವವರು, ಸುದ್ದಿ ಬರೆಯುವ ಅರೆಕಾಲಿಕ ವರದಿಗಾರರು. ಇಪ್ಪತ್ತು ವರ್ಷ ಮಾಡಿದರೂ ನಾಳೆ ಯಾರಾದರೂ "ಏನು ಮಾಡಿದ್ದೀರಿ, ತೋರಿಸಿ" ಎಂದರೆ ಬಾಯಿಮಾತೇ ಗತಿ. ವೀರಗಾಸೆಯ ಹಿರಿಯರೊಬ್ಬರು ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಲು ಹೊರಟಾಗ, ಹಳೆಯ ಕಾರ್ಯಕ್ರಮದ ಒಂದು ಕರಪತ್ರಕ್ಕಾಗಿ ನಾಲ್ಕು ಊರು ತಿರುಗಿದ್ದನ್ನು ನಾವೇ ಕಂಡಿದ್ದೇವೆ. ಕುಣಿದದ್ದು ಸುಳ್ಳಲ್ಲ, ಕುಣಿದದ್ದಕ್ಕೆ ಕಾಗದ ಇರಲಿಲ್ಲ.

ನಮ್ಮ ವಾದ ಇಷ್ಟೇ. ದುಡಿಯುವ ಪ್ರತಿಯೊಬ್ಬರ ಕೆಲಸಕ್ಕೂ ಒಂದು ಪಹಣಿ ಬೇಕು. ಅದನ್ನು ಯಾವ ಕಚೇರಿಯೂ ಕೊಡುವುದಿಲ್ಲ. ಹಾಗಾಗಿ ನಾವೇ ಬರೆದಿಟ್ಟುಕೊಳ್ಳಬೇಕು, ನಮ್ಮ ಕೈಯಲ್ಲಿರುವ ಜಾಗದಲ್ಲಿ, ನಮ್ಮ ಹೆಸರಿನಲ್ಲಿ.

ಇಲ್ಲಿಯವರೆಗೆ ಆಗಿರುವುದು

ಮೊದಲು ಮಾಡಿದ್ದು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ. ಯಾವ ವರ್ಷ, ಯಾವ ಊರು, ಏನು ವರದಿ, ಅದರಿಂದ ಏನಾಯಿತು. ತೆಂಗಿಗೆ ಕಪ್ಪುತಲೆ ಹುಳು ಬಿದ್ದಾಗ ತೋಟ ತೋಟ ಅಲೆದು ಬರೆದದ್ದು, ಈರುಳ್ಳಿಗೆ ಬೆಲೆ ಇಲ್ಲದೆ ಹೊಲದಲ್ಲೇ ಬಿಟ್ಟದ್ದು, ಬೇಸಿಗೆಯ ಟ್ಯಾಂಕರ್ ನೀರು, ಮೇಷ್ಟ್ರಿಲ್ಲದ ಶಾಲೆ. ಈ ಪಟ್ಟಿಗೇ ಎರಡು ವಾರ ಹಿಡಿಯಿತು. ವೆಬ್‌ಸೈಟಿನ ನಿಜವಾದ ಕೆಲಸ ಇದೇ. ಉಳಿದದ್ದು ಜೋಡಿಸುವುದು ಅಷ್ಟೆ.

ಪುಟ ಕಟ್ಟಿದ್ದು ಗೂಗಲ್ ಸೈಟ್ಸ್‌ನಲ್ಲಿ. ಜಿಮೇಲ್ ಇದ್ದರೆ ಸಾಕು, ದುಡ್ಡು ಕೊಡಬೇಕಿಲ್ಲ. ಫೋನಿನಲ್ಲಿ ಜೋಡಿಸುವುದು ಕಷ್ಟ, ಹಾಗಾಗಿ ಭಾನುವಾರ ಸ್ನೇಹಿತರ ಲ್ಯಾಪ್‌ಟಾಪ್ ಎರವಲು ತರುತ್ತೇವೆ. ಆಮೇಲೆ ಕೆಲವು ನೂರು ರೂಪಾಯಿ ಕೊಟ್ಟು ನಮ್ಮ ಹೆಸರಿನ 'ಡಾಟ್ ಇನ್' ವಿಳಾಸ ತೆಗೆದುಕೊಂಡೆವು. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ವಿಳಾಸವೂ ಸಿಗುತ್ತದೆ. ಒಂದು ಎಚ್ಚರ: ಈ ವಿಳಾಸ ಒಂದು ಸಲ ಕೊಂಡರೆ ಮುಗಿಯಿತು ಎಂಬಂಥದ್ದಲ್ಲ. ಅವಧಿ ಮುಗಿಯುವ ಮೊದಲು ಮತ್ತೆ ದುಡ್ಡು ಕಟ್ಟಬೇಕು, ಮರೆತರೆ ಬೇರೆಯವರ ಪಾಲಾಗಬಹುದು.

ಸಿಕ್ಕಿಬಿದ್ದದ್ದು ನುಡಿಯಲ್ಲಿ. ಹಳೆಯ ವರದಿಗಳನ್ನೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆವು. ಅವನ್ನು ತಂದು ವೆಬ್‌ಸೈಟಿಗೆ ಅಂಟಿಸಿದರೆ ಕನ್ನಡವೇ ಮಾಯ! 'ನ' ಇರಬೇಕಾದ ಜಾಗದಲ್ಲಿ ಬ್ರಿಟಿಷರ ಪೌಂಡ್ ಗುರುತು ಕೂತಿರುತ್ತದೆ. ಕಾರಣ ಸರಳ. ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲೇ ಕನ್ನಡದ ಚಿತ್ರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಚಿತ್ರ ಬಿದ್ದುಹೋಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಮನೆ ಇದೆ, ಅದಕ್ಕೇ ಇವತ್ತು ನಿಮ್ಮ ಫೋನಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿದೆ. ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಇಂಟರ್ನೆಟ್‌ನಲ್ಲಿವೆ. ಕಾಗದದಲ್ಲಿ ಮಾತ್ರ ಉಳಿದಿದ್ದರೆ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಏರಿಸಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಅದು ಅಕ್ಷರ ಓದಿಕೊಡುತ್ತದೆ. ಒತ್ತಕ್ಷರ ತಪ್ಪುತ್ತದೆ, ಕೂತು ತಿದ್ದಬೇಕು.

ಇವತ್ತಿಗೆ ಹದಿನೆಂಟು ವರದಿ ಏರಿವೆ. ನಲವತ್ತು ಆಗಬೇಕು. ಮೊದಲ ಪುಟದಲ್ಲಿ ಹೆಸರು, ತಾಲ್ಲೂಕು, ಓದಿದ್ದು, ಬರೆಯುವ ವಿಷಯಗಳು. ಮಗಳ ಫೋಟೊ ಹಾಕಿಲ್ಲ, ಅವಳ ಶಾಲೆಯ ಹೆಸರೂ ಹಾಕಿಲ್ಲ. ಅದು ನಮ್ಮ ಪಹಣಿ, ಅವಳದಲ್ಲ. ಇಂಗ್ಲಿಷ್ ಪುಟ ಇನ್ನೂ ಅರ್ಧದಲ್ಲಿದೆ. ಇದರಿಂದ ಕೆಲಸ ಸಿಕ್ಕಿತೇ ಎಂದರೆ, ಇಲ್ಲ, ಇನ್ನೂ ಇಲ್ಲ. ಆದರೆ ಈಗ ಯಾರಾದರೂ ಲಿಂಕ್ ಕೇಳಿದರೆ ನಾವು ಅಟ್ಟ ಹತ್ತಬೇಕಾಗಿಲ್ಲ.

ಕೇಳಿಬಂದ ಮಾತುಗಳು

"ಫೇಸ್‌ಬುಕ್ ಇದೆಯಲ್ಲಣ್ಣ, ವೆಬ್‌ಸೈಟ್ ಯಾಕೆ?" ಇದು ಮೊದಲ ಮಾತು. ಟಿಕ್‌ಟಾಕ್ ನೆನಪಿದೆಯೇ? 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಹಳ್ಳಿಯ ಎಷ್ಟೋ ಹುಡುಗರು, ಹೆಂಗಸರು ಅಲ್ಲಿ ಹಾಡಿ, ಕುಣಿದು, ಅಡುಗೆ ಮಾಡಿ ಹೆಸರು ಮಾಡಿಕೊಂಡಿದ್ದರು. ಮಾರನೇ ದಿನ ನೋಡಿದರೆ ಖಾಲಿ. ನಿಷೇಧ ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಬೇರೆಯವರ ಜಗಲಿಯಲ್ಲಿ ರಾಶಿ ಹಾಕಿದರೆ ಬಾಗಿಲು ಹಾಕುವಾಗ ನಮ್ಮನ್ನು ಕೇಳುವುದಿಲ್ಲ ಎಂಬುದಷ್ಟೇ ಇಲ್ಲಿನ ಪಾಠ. ಗೂಗಲ್ ಪ್ಲಸ್ ಕೂಡ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಹಾಗಿದ್ದರೆ ಗೂಗಲ್ ಸೈಟ್ಸ್ ಶಾಶ್ವತವೇ ಎಂದು ನೀವು ಕೇಳಬಹುದು. ಅಲ್ಲ. ಅದಕ್ಕೇ ವಿಳಾಸವನ್ನು ನಮ್ಮ ಹೆಸರಿನಲ್ಲಿ ಕೊಂಡದ್ದು, ಎಲ್ಲ ಬರಹಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟದ್ದು. ಜಾಗ ಬದಲಾದರೂ ವಿಳಾಸ ಅದೇ ಇರುತ್ತದೆ.

"ತನ್ನ ಬಗ್ಗೆ ತಾನೇ ಹೇಳ್ಕೊಳೋದು ಚೆನ್ನಾಗಿರಲ್ಲ ಕಣಪ್ಪ." ಇದು ಹಿರಿಯರ ಮಾತು. ಗೌರವದಿಂದಲೇ ಒಂದು ಪ್ರಶ್ನೆ: ನಮ್ಮೂರ ಸರ್ಕಲ್‌ನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ನಿಂತಾಗ ಯಾಕೆ ಯಾರೂ ಈ ಮಾತು ಆಡುವುದಿಲ್ಲ? "ಯುವ ನಾಯಕ, ಬಡವರ ಬಂಧು" ಎಂದು ಆಳೆತ್ತರದ ಅಕ್ಷರ ಹಾಕಿಸಿಕೊಂಡವರು ಏನು ಮಾಡಿದ್ದಾರೆ ಎಂದು ಫ್ಲೆಕ್ಸ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ನಾವು ಬಿರುದು ಹಾಕಿಕೊಂಡಿಲ್ಲ. ಇಂಥ ದಿನ, ಇಂಥ ಊರು, ಇಂಥ ವರದಿ ಎಂದು ಬರೆದಿದ್ದೇವೆ. ಸುಳ್ಳಿದ್ದರೆ ಯಾರು ಬೇಕಾದರೂ ಹಿಡಿಯಬಹುದು. ಪಹಣಿ ತೋರಿಸುವುದನ್ನು ಜಂಬ ಎಂದು ಯಾರೂ ಕರೆಯುವುದಿಲ್ಲ.

"ಪೇಪರ್‌ನವರು ಕೇಸ್ ಹಾಕಿದ್ರೆ?" ಇದು ನಮ್ಮ ಜೊತೆಯ ವರದಿಗಾರರ ಭಯ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಓದಿಕೊಳ್ಳಿ. ಬರೆದವನೇ ಮೊದಲ ಹಕ್ಕುದಾರ ಎಂಬುದು ಮೂಲ ನಿಯಮ. ಪತ್ರಿಕೆಯ ಮಾಲೀಕರಿಗೆ ಪ್ರಕಟಣೆಯ ಹಕ್ಕು ತಾನಾಗಿ ಹೋಗುವುದು ಬರೆದವನು ಅಲ್ಲಿ ನೌಕರಿಯ ಕರಾರಿನ ಮೇಲೆ ಇದ್ದಾಗ. ನಮಗೆ ನೇಮಕಾತಿ ಪತ್ರವನ್ನೇ ಕೊಟ್ಟಿಲ್ಲ, ಸಂಬಳ ಪಟ್ಟಿಯಲ್ಲಿ ಹೆಸರಿಲ್ಲ, ಬೇರೆ ಯಾವ ಕರಾರಿಗೂ ಸಹಿ ಹಾಕಿಸಿಕೊಂಡಿಲ್ಲ. ನೌಕರ ಅಲ್ಲ ಎಂದು ಹೇಳಿ ಸಂಬಳ ಉಳಿಸಿಕೊಂಡವರು, ಬರಹ ನಮ್ಮದು ಎಂದು ಹೇಳುವಾಗ ಮಾತ್ರ ನಮ್ಮನ್ನು ನೌಕರ ಎನ್ನಲಾಗದು. ಸಹಿ ಹಾಕಿದ್ದರೆ ಮಾತ್ರ ಆ ಕಾಗದ ತೆಗೆದು ಓದಿ ನೋಡಿ. ನಾವು ಪತ್ರಿಕೆಯ ಪುಟದ ಚಿತ್ರ ಹಾಕಿಲ್ಲ, ಅದರ ವಿನ್ಯಾಸ ಅವರದು. ನಾವು ಕಳಿಸಿದ ನಮ್ಮ ಬರಹ ಹಾಕಿ, ಕೆಳಗೆ ಯಾವ ದಿನ ಪ್ರಕಟವಾಯಿತು ಎಂದು ಬರೆದಿದ್ದೇವೆ. 11ನೇ ಕಾಲಂನಂತೆ, ಯಾರ ಋಣ ಇದೆಯೋ ಅದನ್ನೂ ತೋರಿಸಬೇಕು.

"ಹತ್ತು ಹದಿನೈದು ಸಾವಿರ ಕೊಟ್ಟರೆ ನಾವೇ ಮಾಡಿಕೊಡ್ತೀವಿ, ಕೆಲಸ ಗ್ಯಾರಂಟಿ" ಎಂದು ಫೋನ್ ಮಾಡುವವರೂ ಇದ್ದಾರೆ. ವೆಬ್‌ಸೈಟ್ ಕೆಲಸ ತೋರಿಸುತ್ತದೆ, ಕೆಲಸ ಕೊಡುವುದಿಲ್ಲ. ಕೆಲಸಕ್ಕೆ ಗ್ಯಾರಂಟಿ ಕೊಟ್ಟು ಮುಂಗಡ ಕೇಳಿದರೆ ಫೋನ್ ಇಡಿ. ದುಡ್ಡು ಹಾಕಿ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್ ವಂಚನೆಯ ದೂರಿಗೆ ಇರುವ ಸಂಖ್ಯೆ ಅದು.

ಕನ್ನಡದಲ್ಲಿ ಯಾಕೆ

ಚಿಕ್ಕಮಗಳೂರು ಎಂದು ಹುಡುಕಿ ನೋಡಿ. ಕಾಫಿ, ಮುಳ್ಳಯ್ಯನಗಿರಿ, ಹೋಂಸ್ಟೇ. ಜಿಲ್ಲೆಯ ಈ ಕಡೆ ಮಳೆಗೆ ಬಾಯಿಬಿಟ್ಟು ಕೂತ ಕಡೂರಿನ ಬಯಲುಸೀಮೆ ಇದೆ, ರಾಗಿ ಹೊಲ, ತೆಂಗಿನ ತೋಟ ಇವೆ ಎಂದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ನಾವು ಬರೆಯದಿದ್ದರೆ ಇನ್ನಾರು ಬರೆಯಬೇಕು? ಇಂಗ್ಲಿಷ್ ಪುಟವೂ ಇರಲಿ, ಕೆಲಸ ಕೊಡುವವರು ಅದನ್ನೇ ಕೇಳಬಹುದು. ಆದರೆ ನಮ್ಮ ಕೆಲಸ ನಿಜವೋ ಅಲ್ಲವೋ ಎಂದು ಹೇಳಬಲ್ಲವರು ನಮ್ಮ ಊರಿನವರು. ಅವರು ಓದಲಾಗದ ದಾಖಲೆಗೆ ಸಾಕ್ಷಿ ಯಾರು?

ಯಾರು ಏನು ಮಾಡಬೇಕು

ಪತ್ರಿಕೆ, ಚಾನೆಲ್‌ಗಳವರೇ, ವರದಿಗೆ ಹೆಸರು ಹಾಕಿ. ಅದಕ್ಕೆ ಖರ್ಚಾಗುವುದು ಅರ್ಧ ಸಾಲಿನ ಜಾಗ. ಹೆಸರು ಹಾಕಿದರೆ ಅಪಾಯ ಇರುವ ಸುದ್ದಿಗೆ ಬೇಡ, ಅದು ನಮಗೂ ಗೊತ್ತು. ಉಳಿದ ಸುದ್ದಿಗೆ ಏನು ಅಡ್ಡಿ? ವರ್ಷಕ್ಕೊಮ್ಮೆ "ಇವರು ನಮಗೆ ಇಷ್ಟು ವರದಿ ಕೊಟ್ಟಿದ್ದಾರೆ" ಎಂದು ಒಂದು ಪತ್ರ ಕೊಡಿ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಗೆ ಮುಂದೆ ತಿದ್ದುಪಡಿ ಬಂದಾಗ ಅರೆಕಾಲಿಕ ಪತ್ರಕರ್ತರನ್ನೂ ಅದರ ವ್ಯಾಖ್ಯೆಗೆ ಸೇರಿಸಿದ್ದರು. ಕಾನೂನಿನ ಪುಸ್ತಕಕ್ಕೆ ಕಂಡ ನಾವು ನಿಮ್ಮ ಹಾಜರಿ ಪುಸ್ತಕಕ್ಕೆ ಇವತ್ತಿಗೂ ಕಾಣುತ್ತಿಲ್ಲ.

ಗ್ರಾಮ ಪಂಚಾಯಿತಿಯವರೇ, ಗ್ರಂಥಾಲಯಕ್ಕೆ 'ಅರಿವು ಕೇಂದ್ರ' ಎಂದು ಬೋರ್ಡ್ ಹಾಕಿದ್ದೀರಿ, ಸಂತೋಷ. ಕಂಪ್ಯೂಟರ್ ಇರುವ ಕಡೆ ವಾರಕ್ಕೊಂದು ಸಂಜೆ ಊರಿನ ದುಡಿಯುವವರಿಗೆ ಬಿಟ್ಟುಕೊಡಿ. ಡಿಗ್ರಿ ಓದುವ ಹುಡುಗ ಹುಡುಗಿಯರು ಪಕ್ಕದಲ್ಲಿ ಕೂತರೆ ಒಬ್ಬೊಬ್ಬರಿಗೆ ಒಂದು ಪುಟವಾದರೂ ಆಗುತ್ತದೆ.

ಓದುತ್ತಿರುವ ನೀವು, ಅದರಲ್ಲೂ ಮಕ್ಕಳಿರುವ ಅಪ್ಪ ಅಮ್ಮಂದಿರು, ಇವತ್ತು ಒಂದು ಹಾಳೆ ತೆಗೆದುಕೊಳ್ಳಿ. ನೀವು ಮಾಡಿದ ಹತ್ತು ಕೆಲಸ ಬರೆಯಿರಿ. ಎದುರಿಗೆ ವರ್ಷ, ಊರು. ರಿವೈಂಡಿಂಗ್ ಮಾಡುವವರು ಮೋಟರ್‌ನ ಫೋಟೊ ತೆಗೆದಿಡಿ. ಅಡುಗೆಯವರು ಎಷ್ಟು ಎಲೆಗೆ ಬಡಿಸಿದಿರಿ ಎಂದು ಬರೆದಿಡಿ. ಗಿರಾಕಿಗಳ ಹೆಸರು, ಫೋಟೊ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಿ. ವೆಬ್‌ಸೈಟ್ ಆಮೇಲೆ ಆಗುತ್ತದೆ.

ಮೊನ್ನೆ ಹದಿನೆಂಟನೇ ವರದಿ ಏರಿಸುವಾಗ ಮಗಳು ಬಂದು ಫೋನ್ ಇಣುಕಿದಳು. ಮೇಲಿದ್ದ ಹೆಸರನ್ನು ಕೂಡಿಸಿಕೊಂಡು ಓದಿದಳು. ಆಮೇಲೆ ಕೇಳಿದಳು: "ಅಪ್ಪಾ, ಅಮ್ಮಂದು ಯಾವಾಗ ಮಾಡ್ತೀಯಾ?"

ಅವಳಮ್ಮ ಒಂಬತ್ತು ವರ್ಷದಿಂದ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಮ್ಮದು ನಲವತ್ತಾಗುವವರೆಗೆ ಕಾಯುವುದಿಲ್ಲ. ಅವಳ ಪಟ್ಟಿಯನ್ನು ಈ ಭಾನುವಾರವೇ ಶುರು ಮಾಡುತ್ತೇವೆ.