ಪರವಾನಗಿ ಚೀಟಿಗೆ ಬೆಲೆ ಬರುವುದೆಂದು?

ನಮ್ಮ ಪಟ್ಟಣಗಳಲ್ಲಿ ಆಗಾಗ ನಡೆಯುವ ದೃಶ್ಯವೊಂದು ಓದುಗರಿಗೆ ಪರಿಚಿತವೇ. ಬೆಳಿಗ್ಗೆ ಸ್ಥಳೀಯ ಸಂಸ್ಥೆಯ ಟ್ರ್ಯಾಕ್ಟರ್ ಬರುತ್ತದೆ, ಅದರ ಹಿಂದೆ ಪೊಲೀಸ್ ಜೀಪು. ಪಾದಚಾರಿ ಮಾರ್ಗದಲ್ಲಿದ್ದ ತಳ್ಳುಗಾಡಿ, ತಕ್ಕಡಿ, ತರಕಾರಿ ಬುಟ್ಟಿಗಳು ಟ್ರ್ಯಾಕ್ಟರ್ ಏರುತ್ತವೆ. ಮರುದಿನ ಪತ್ರಿಕೆಗಳಲ್ಲಿ ‘ಜಂಟಿ ಕಾರ್ಯಾಚರಣೆ’ ಎಂಬ ಸುದ್ದಿ. ಹದಿನೈದು ದಿನ ಕಳೆಯುವುದರೊಳಗೆ ಅದೇ ಜಾಗದಲ್ಲಿ ಅದೇ ಗಾಡಿಗಳು. ಆಡಳಿತ ಸೇವೆಯಲ್ಲಿ ಮೂರು ದಶಕಗಳನ್ನು ಕಳೆದ ನಾನು ಇಂಥ ಕಾರ್ಯಾಚರಣೆಗಳನ್ನು ಒಳಗಿನಿಂದಲೂ ಹೊರಗಿನಿಂದಲೂ ಕಂಡಿದ್ದೇನೆ. ಸ್ಥಳೀಯ ಸಂಸ್ಥೆ ಮತ್ತು ಪೊಲೀಸರ ನಡುವೆ ಸಹಕಾರವಿಲ್ಲವೆಂಬ ದೂರು ಪೂರ್ತಿ ನಿಜವಲ್ಲ. ಸಹಕಾರವಿದೆ; ಆದರೆ ಅದು ತೆರವಿನ ದಿನಕ್ಕೆ ಮಾತ್ರ ಸೀಮಿತವಾಗಿದೆ ಎಂಬುದೇ ತೊಂದರೆಯ ಮೂಲ.

ತೊಂಬತ್ತರ ದಶಕದಲ್ಲಿ ಒಂದು ಸಣ್ಣ ಪಟ್ಟಣದಲ್ಲಿ ಇಂಥ ತೆರವಿನ ಮೇಲ್ವಿಚಾರಣೆಗೆ ನಾನೂ ನಿಂತಿದ್ದೆ. ಹೂ ಮಾರುವ ಮಹಿಳೆಯೊಬ್ಬರು ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೋರಿಸಿದರು. ಅಂದಿನ ಬೆಳಿಗ್ಗೆಯೇ ಸುಂಕ ವಸೂಲಿಯ ಗುತ್ತಿಗೆದಾರ ಕೊಟ್ಟಿದ್ದ ನೆಲಬಾಡಿಗೆಯ ರಸೀದಿ ಅದು. ‘ದುಡ್ಡು ತಗೊಂಡವರೇ ಎತ್ತಿಸ್ತೀರಲ್ಲ ಸ್ವಾಮಿ’ ಎಂದು ಅವರು ಕೇಳಿದರು. ನನ್ನ ಪಕ್ಕದಲ್ಲಿದ್ದ ಪೊಲೀಸ್ ಸಿಬ್ಬಂದಿಗೆ ಆ ಚೀಟಿಯ ಅರ್ಥ ತಿಳಿದಿರಲಿಲ್ಲ. ನನಗೆ ತಿಳಿದಿತ್ತು, ಆದರೆ ಉತ್ತರವಿರಲಿಲ್ಲ. ಬೆಳಿಗ್ಗೆ ಹಣ ಪಡೆದು ಮಧ್ಯಾಹ್ನ ಅಪರಾಧಿಯೆಂದು ಕರೆಯುವ ಆಡಳಿತವನ್ನು ಯಾರು ತಾನೇ ಗೌರವಿಸಿಯಾರು?

ಅಂದು ಇಲ್ಲದ ಉತ್ತರವನ್ನು ಸಂಸತ್ತು 2014ರಲ್ಲಿ ಕೊಟ್ಟಿತು. ಬೀದಿಬದಿ ವ್ಯಾಪಾರ ಸಂವಿಧಾನದತ್ತ ಹಕ್ಕಿನ ವ್ಯಾಪ್ತಿಗೆ ಬರುತ್ತದೆ, ಆದರೆ ಅದು ಸಮಂಜಸ ನಿರ್ಬಂಧಗಳಿಗೆ ಒಳಪಟ್ಟದ್ದು ಎಂದು ಸುಪ್ರೀಂ ಕೋರ್ಟ್ 1989ರ ಸೋಧನ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಕಾಲು ಶತಮಾನದ ನಂತರ ಬಂದ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿತು. ಮೊದಲು ಸಮೀಕ್ಷೆ, ಬಳಿಕ ವ್ಯಾಪಾರ ಪ್ರಮಾಣಪತ್ರ, ವ್ಯಾಪಾರ ವಲಯಗಳ ಗುರುತು, ಅನಂತರ ನಿಯಮ ಪಾಲನೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸುವುದಿದ್ದರೆ 30 ದಿನಗಳ ನೋಟಿಸ್ ಅಗತ್ಯ. ವಶಪಡಿಸಿಕೊಂಡ ಸರಕಿಗೆ ಪಟ್ಟಿ ಕೊಡಬೇಕು. ಶುಲ್ಕ ಕಟ್ಟಿದರೆ ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂತಿರುಗಿಸಬೇಕು. ಷರತ್ತು ಪಾಲಿಸುವ ವ್ಯಾಪಾರಿಯನ್ನು ಪೊಲೀಸರೂ ಸೇರಿದಂತೆ ಯಾರೂ ತಡೆಯುವಂತಿಲ್ಲ ಎನ್ನುತ್ತದೆ 27ನೇ ಕಲಂ. ಷರತ್ತು ಮೀರಿದರೆ ಎರಡು ಸಾವಿರ ರೂಪಾಯಿವರೆಗೆ ದಂಡವೂ ಇದೆ.

ಇದರ ಕೇಂದ್ರದಲ್ಲಿರುವುದು ಪಟ್ಟಣ ವ್ಯಾಪಾರ ಸಮಿತಿ. ಸ್ಥಳೀಯ ಸಂಸ್ಥೆಯ ಆಯುಕ್ತರು ಅಥವಾ ಮುಖ್ಯಾಧಿಕಾರಿ ಅದರ ಅಧ್ಯಕ್ಷರು. ಶೇ 40ಕ್ಕೆ ಕಡಿಮೆಯಿಲ್ಲದಂತೆ ಸದಸ್ಯರು ವ್ಯಾಪಾರಿಗಳಿಂದಲೇ ಚುನಾಯಿತರು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಅದೇ ಮೇಜಿನ ಸುತ್ತ ಪೊಲೀಸ್ ಮತ್ತು ಸಂಚಾರ ಪೊಲೀಸ್ ಪ್ರತಿನಿಧಿಗಳೂ ಕೂರಬೇಕೆಂದು ಕಾಯ್ದೆ ಹೇಳುತ್ತದೆ. ಅಂದರೆ ಶಾಸನ ಬಯಸಿದ ಸಹಕಾರ ಟ್ರ್ಯಾಕ್ಟರಿನ ಹಿಂದಿನದಲ್ಲ, ನಕ್ಷೆಯ ಮುಂದಿನದು. ಅಧ್ಯಕ್ಷತೆ ಅಧಿಕಾರಿಯದೇ ಆದ್ದರಿಂದ ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲೂ ಈ ಸಮಿತಿ ಸಭೆ ಸೇರಲು ಅಡ್ಡಿಯಿಲ್ಲ.

ಚಿತ್ರದುರ್ಗ ಜಿಲ್ಲೆಯನ್ನೇ ನೋಡೋಣ. ಹಿರಿಯೂರು ರಾಷ್ಟ್ರೀಯ ಹೆದ್ದಾರಿ 48 ಮತ್ತು 150ಎ ಸಂಧಿಸುವ ಊರು. ಚಿತ್ರದುರ್ಗದಲ್ಲಿ 48 ಮತ್ತು 50 ಕೂಡುತ್ತವೆ. ಹೊಳಲ್ಕೆರೆಯ ಮೂಲಕ ಶಿವಮೊಗ್ಗದತ್ತ ಇನ್ನೊಂದು ಹೆದ್ದಾರಿ ಸಾಗುತ್ತದೆ. ಹೊಸದುರ್ಗ ಸುತ್ತಲಿನ ತೆಂಗು ಬೆಳೆಗಾರರ ಪೇಟೆ. ಇಂಥ ಊರುಗಳಲ್ಲಿ ಬಸ್ಸಿಳಿದವರೇ ಗಿರಾಕಿಗಳು, ರಸ್ತೆಯಂಚೇ ಮಾರುಕಟ್ಟೆ. ಆದರೆ ಆ ಅಂಚಿನಲ್ಲಿ ಡಾಂಬರಿಗೆ ಒಂದು ಇಲಾಖೆ, ಪಾದಚಾರಿ ಮಾರ್ಗಕ್ಕೆ ಸ್ಥಳೀಯ ಸಂಸ್ಥೆ, ಸಂಚಾರಕ್ಕೆ ಪೊಲೀಸರು. ವ್ಯಾಪಾರಿ ಮೂರಡಿ ಸರಿದರೆ ಅಧಿಕಾರ ವ್ಯಾಪ್ತಿಯೇ ಬದಲಾಗುತ್ತದೆ. ಪಟ್ಟಣದ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಜಾಗ ಕಲ್ಪಿಸಬೇಕೆನ್ನುತ್ತದೆ ಕಾಯ್ದೆ. 2011ರ ಜನಗಣತಿಯಲ್ಲಿ ಚಿತ್ರದುರ್ಗ ನಗರದ ಜನಸಂಖ್ಯೆ 1.4 ಲಕ್ಷದ ಆಸುಪಾಸು. ಆ ಲೆಕ್ಕದಲ್ಲಿ ಮಿತಿ ಸುಮಾರು ಮೂರೂವರೆ ಸಾವಿರ ಮಂದಿ. ಇಷ್ಟು ಜನರ ಜಾಗವನ್ನು ಒಂದು ಬೆಳಗಿನ ಕಾರ್ಯಾಚರಣೆ ನಿರ್ಧರಿಸಲಾರದು.

ಪೊಲೀಸರ ಕಷ್ಟವನ್ನೂ ಅರಿಯಬೇಕು. ಅಪಘಾತವಾದರೆ, ಆಂಬುಲೆನ್ಸ್ ಸಿಲುಕಿಕೊಂಡರೆ ಜನ ಕೇಳುವುದು ಅವರನ್ನೇ. ಯಾರಿಗೆ, ಎಲ್ಲಿ, ಎಷ್ಟು ಹೊತ್ತು ಅನುಮತಿಯಿದೆಯೆಂಬ ದಾಖಲೆ ಕೈಯಲ್ಲಿಲ್ಲದಾಗ ಅವರಿಗೆ ಉಳಿಯುವುದು ಸಾರ್ವಜನಿಕ ದಾರಿಗೆ ಅಡ್ಡಿ ಎಂಬ ಆರೋಪ ಮಾತ್ರ. ಹಳೆಯ ದಂಡ ಸಂಹಿತೆಯಲ್ಲಿ ಅದಕ್ಕೆ ದಂಡ ಗರಿಷ್ಠ 200 ರೂಪಾಯಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ ಅದು 5,000 ರೂಪಾಯಿವರೆಗೆ ಏರಿದೆ. ದಿನದ ಬಂಡವಾಳವೇ ಅಷ್ಟಿಲ್ಲದವರಿಗೆ ಇದು ದಂಡವಲ್ಲ, ವ್ಯಾಪಾರದ ಅಂತ್ಯ. ಅದನ್ನು ತಪ್ಪಿಸಿಕೊಳ್ಳಲು ಕೈ ಬದಲಾಯಿಸುವ ಸಣ್ಣ ಮೊತ್ತಕ್ಕೆ ಯಾರೂ ರಸೀದಿ ಕೊಡುವುದಿಲ್ಲ.

ಇನ್ನೊಂದು ಅಸಮಾನತೆಯೂ ಇದೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಪರವಾನಗಿ ಪಡೆದ ಅಂಗಡಿಗಳೇ ಅನೇಕ ಕಡೆ ಸರಕನ್ನು ಪಾದಚಾರಿ ಮಾರ್ಗಕ್ಕೆ ಚಾಚುತ್ತವೆ, ಛಾವಣಿ ಇಳಿಸುತ್ತವೆ. ವೃದ್ಧರು, ಶಾಲಾ ಮಕ್ಕಳು ರಸ್ತೆಗಿಳಿದು ನಡೆಯುವುದಕ್ಕೆ ಇವೂ ಕಾರಣ. ತಳ್ಳುಗಾಡಿಯನ್ನು ಎತ್ತುವುದು ಸುಲಭ. ಅಂಗಡಿಯ ಪರವಾನಗಿ ನವೀಕರಣವನ್ನು ತಡೆಹಿಡಿಯಲು ಧೈರ್ಯ ಬೇಕು. ಪಾದಚಾರಿಯ ಹಕ್ಕಿನ ಹೆಸರಿನಲ್ಲಿ ನಡೆಯುವ ಕ್ರಮ ಇಬ್ಬರಿಗೂ ಒಂದೇ ಅಳತೆಗೋಲನ್ನು ಹಿಡಿಯದಿದ್ದರೆ ಅದು ನ್ಯಾಯವೆನಿಸದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು. 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಸಾಲ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 2030ರ ಮಾರ್ಚ್‌ವರೆಗೆ ವಿಸ್ತರಿಸಿ, ಮೊದಲ ಸಾಲದ ಮೊತ್ತವನ್ನು 10 ಸಾವಿರದಿಂದ 15 ಸಾವಿರಕ್ಕೆ ಏರಿಸಿತು. ಪ್ರಮಾಣಪತ್ರ ಇಲ್ಲದವರಿಗೂ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರದ ಮೇಲೆ ಬ್ಯಾಂಕು ಹಣ ಕೊಡುತ್ತದೆ. ಆ ಸಾಲ ತೀರುವುದು ಗಾಡಿ ನಿಂತ ಜಾಗದ ಗಳಿಕೆಯಿಂದ. ಒಂದು ಕೈ ಶಿಫಾರಸು ಬರೆದು, ಇನ್ನೊಂದು ಕೈ ಗಾಡಿ ಎತ್ತಿದರೆ ನಷ್ಟ ವ್ಯಾಪಾರಿಗೆ ಮಾತ್ರವಲ್ಲ, ಬ್ಯಾಂಕಿಗೂ ಹೌದು.

ಪರಿಹಾರಕ್ಕೆ ಹೊಸ ಕಾನೂನು ಬೇಕಿಲ್ಲ. ಪಟ್ಟಣ ವ್ಯಾಪಾರ ಸಮಿತಿ ಕ್ರಮವಾಗಿ ಸಭೆ ಸೇರಲಿ, ಠಾಣಾಧಿಕಾರಿ ಸ್ವತಃ ಹಾಜರಿರಲಿ. ಪ್ರಮಾಣಪತ್ರ ಪಡೆದವರ ಮತ್ತು ಉದ್ದಿಮೆ ಪರವಾನಗಿಗಳ ಪಟ್ಟಿ, ಜಾಗ ಮತ್ತು ವೇಳೆಯ ಸಹಿತ, ಪ್ರತಿ ಠಾಣೆಯಲ್ಲೂ ಬೀಟ್ ಸಿಬ್ಬಂದಿಯ ಕೈಯಲ್ಲೂ ಇರಲಿ. ವ್ಯಾಪಾರ ನಿಷಿದ್ಧ ವಲಯಗಳ ಗಡಿಯನ್ನು ರಸ್ತೆಯ ಮೇಲೆ ಬಣ್ಣದಲ್ಲಿ ಎಳೆಯಲಿ. ಅದನ್ನು ಮೀರಿದವರು ಗಾಡಿಯವರಾಗಲಿ, ಅಂಗಡಿಯವರಾಗಲಿ, ದಂಡ ತೆರಲಿ. ಆಗ ‘ಜಂಟಿ ಕಾರ್ಯಾಚರಣೆ’ಯ ಅಗತ್ಯವೇ ವಿರಳವಾದೀತು.

ಪರವಾನಗಿಯೆಂದರೆ ಸರ್ಕಾರ ಪ್ರಜೆಗೆ ಕೊಟ್ಟ ಮಾತು. ಒಂದು ಕಚೇರಿ ಕೊಟ್ಟ ಮಾತು ಇನ್ನೊಂದು ಕಚೇರಿಗೆ ತಿಳಿದಿರಬೇಕೆಂಬುದು ಅತಿಯಾದ ನಿರೀಕ್ಷೆಯೇನಲ್ಲ. ಸೆರಗಿನ ಗಂಟಿನಿಂದ ಹೊರಬರುವ ಚೀಟಿಯನ್ನು ಓದಬಲ್ಲ ಪೊಲೀಸ್ ಸಿಬ್ಬಂದಿಯನ್ನೂ, ಆ ಚೀಟಿಗೆ ಬದ್ಧವಾಗಿರುವ ಸ್ಥಳೀಯ ಸಂಸ್ಥೆಯನ್ನೂ ನಮ್ಮ ಪಟ್ಟಣಗಳು ಇನ್ನಾದರೂ ಕಾಣಬೇಕು.