ಆಹಾರ ಬಿಟ್ಟರೆ ಕ್ಯಾನ್ಸರ್ ಸಾಯುವುದೇ?

ಸಹೋದರಿಯರೇ, ಸ್ತನ ಕ್ಯಾನ್ಸರ್ ಎಂದು ತಿಳಿದ ಮನೆಗೆ ಔಷಧಿಗಿಂತ ಮೊದಲು ಸಲಹೆಗಳು ಬಂದು ತಲುಪುತ್ತವೆ. ಮೊಟ್ಟೆ ಬೇಡ, ಮೀನು ಬೇಡ, ಬೇಳೆಯೂ ಬೇಡ, ಅವೆಲ್ಲ ಗಡ್ಡೆಯನ್ನು ಬೆಳೆಸುತ್ತವೆ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಎಷ್ಟು ನಿಜವಿದೆ?

ನಾವು ತಿನ್ನುವ ಪ್ರೋಟೀನ್ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ಇಂತಹ 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿ ಜೀವಕೋಶಗಳು ತಮಗೆ ಬೇಕಾದ ಪ್ರೋಟೀನನ್ನು ತಯಾರಿಸಿಕೊಳ್ಳುತ್ತವೆ. ಇವುಗಳಲ್ಲಿ ಒಂದು ಕಡಿಮೆಯಾದರೂ ಜೀವಕೋಶಕ್ಕೆ ಅದು ತಿಳಿಯುತ್ತದೆ. ಡಬ್ಬಿಯಲ್ಲಿ ಅಕ್ಕಿ ಮುಗಿಯುತ್ತಾ ಬಂದಾಗ ಗೃಹಿಣಿ ಖರ್ಚು ಬಿಗಿಹಿಡಿದು ಬೇರೆ ದಾರಿ ಹುಡುಕುವಂತೆ, ಅದು ಕೆಲವು ಜೀನ್‌ಗಳ ಕೆಲಸವನ್ನು ತಗ್ಗಿಸಿ, ಕೊರತೆ ನೀಗಿಸುವ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಕ್ಯಾನ್ಸರ್ ಕೋಶವೂ ಇದನ್ನೇ ಮಾಡುತ್ತದೆ.

2018ರಲ್ಲಿ ಬ್ರಿಟನ್ನಿನ ಕೇಂಬ್ರಿಡ್ಜ್‌ನ ಗ್ರೆಗ್ ಹ್ಯಾನನ್ ಮತ್ತು ಸಂಗಡಿಗರ ಅಧ್ಯಯನವೊಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ತನ ಕ್ಯಾನ್ಸರ್ ಇರುವ ಇಲಿಗಳಲ್ಲಿ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಕಡಿಮೆ ಮಾಡಿದಾಗ, ರೋಗ ಇತರ ಅಂಗಗಳಿಗೆ ಹರಡುವುದು ತಗ್ಗಿತು. ಆದರೆ ಸ್ತನದಲ್ಲಿದ್ದ ಮೂಲ ಗಡ್ಡೆಯ ಬೆಳವಣಿಗೆಯಲ್ಲಿ ಅಷ್ಟೇನೂ ವ್ಯತ್ಯಾಸವಾಗಲಿಲ್ಲ. ಕೋಶಗಳು ಗಡ್ಡೆಯಿಂದ ಬಿಡಿಸಿಕೊಂಡು ಹೊರಡಲು ನೆರವಾಗುವ ಪ್ರೋಟೀನ್‌ಗಳಲ್ಲಿ ಆಸ್ಪರಾಜಿನ್ ಹೆಚ್ಚಾಗಿರುವುದೇ ಇದಕ್ಕೆ ಒಂದು ಕಾರಣವೆಂದು ಅವರು ವಿವರಿಸಿದರು.

ಹಾಗೆಂದು ರೋಗಿಯ ತಟ್ಟೆಯನ್ನು ಬರಿದು ಮಾಡಬಾರದು. ಇದು ಇಲಿಗಳ ಮೇಲಿನ ಪ್ರಯೋಗ. ಆಸ್ಪರಾಜಿನ್ ಹಾಲು, ಮೊಟ್ಟೆ, ಮಾಂಸ, ಮೀನು, ಬೇಳೆ, ಆಲೂಗಡ್ಡೆ ಎಲ್ಲದರಲ್ಲೂ ಇದೆ. ಇವನ್ನೆಲ್ಲ ಬಿಟ್ಟರೂ ನಮ್ಮ ದೇಹವೇ ಅದನ್ನು ತಯಾರಿಸುತ್ತದೆ. ಆಹಾರ ಬಿಟ್ಟ ರೋಗಿಯ ತೂಕ ಇಳಿಯುತ್ತದೆ, ಸ್ನಾಯುಗಳು ಕರಗುತ್ತವೆ, ಕೀಮೋಥೆರಪಿಯನ್ನು ತಾಳಿಕೊಳ್ಳುವ ಶಕ್ತಿ ಕುಂದುತ್ತದೆ. ಆದ್ದರಿಂದ ಪಥ್ಯವನ್ನು ನಿರ್ಧರಿಸಬೇಕಾದವರು ನೆರೆಹೊರೆಯವರಲ್ಲ, ಚಿಕಿತ್ಸೆ ನೀಡುವ ವೈದ್ಯರು.

ರಮಝಾನಿನಲ್ಲಿಯೂ ರೋಗಿಗೆ ಉಪವಾಸದಿಂದ ವಿನಾಯಿತಿ ನೀಡಿರುವ ಧರ್ಮ ನಮ್ಮದು. ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಿರುವಾಗ ಕಾಯಿಲೆಯ ಅಮ್ಮನನ್ನೋ ಅಕ್ಕನನ್ನೋ ಹಸಿವಿನಿಂದ ಬಳಲಿಸುವುದು ಸರಿಯೇ?

ಇನ್ನೊಂದು ಮಾತು. ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಕ್ಯಾನ್ಸರ್ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಸಂಕೋಚವಾದರೆ ಮಹಿಳಾ ವೈದ್ಯರ ಬಳಿಗೆ ಹೋಗಿ, ಆದರೆ ಹೋಗುವುದನ್ನು ಮುಂದೂಡಬೇಡಿ. ಬೇಗ ತಿಳಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ.