ಅರ್ಜಿ ಬಾಕಿಯಿದೆ
ಅಧಿಕಾರ ಮನುಷ್ಯನನ್ನು ಕೆಡಿಸುತ್ತದೆ ಅನ್ನುತ್ತಾರೆ. ಕೆಡಲು ಅನುಕೂಲವಾದ ಕುರ್ಚಿಗೇ ಅಂಥವರು ಮುಗಿಬೀಳುತ್ತಾರೆ ಎಂಬ ಗುಮಾನಿ ನನ್ನದು. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಬಗರ್‌ಹುಕುಂ ಸಾಗುವಳಿಯನ್ನು, ಅಂದರೆ ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಮಾಡಿದ ಬೇಸಾಯವನ್ನು, ಸಕ್ರಮ ಮಾಡುವ ಸಮಿತಿಯನ್ನೇ ನೋಡಿ. ತಹಶೀಲ್ದಾರರು ಕಾರ್ಯದರ್ಶಿ, ಅಧ್ಯಕ್ಷಗಿರಿ ಸಾಮಾನ್ಯವಾಗಿ ಶಾಸಕರದ್ದು (ಪಕ್ಷ ಯಾವುದಾದರೂ ಸರಿ). ಸಕ್ರಮಕ್ಕೆ ಅರ್ಜಿ ಹಾಕಲು 1991ರಲ್ಲಿ ನಮೂನೆ 50, ಆಮೇಲೆ 53, 2018ರಲ್ಲಿ 57. ಹಕ್ಕುಪತ್ರ ಕೈಸೇರಿದ ರೈತ ನಾಳೆ ಯಾರಿಗೂ ಸಲಾಮು ಹೊಡೆಯಬೇಕಿಲ್ಲ. ಅರ್ಜಿ ಬಾಕಿಯಿರುವವನು ಪ್ರತಿ ಚುನಾವಣೆಗೂ ಹೊಡೆಯಲೇಬೇಕು. ಹಾಗಾಗಿ ದುರುಪಯೋಗಕ್ಕೆ ಲಂಚವೇ ಬೇಕೆಂದಿಲ್ಲ, ಸಭೆ ಮುಂದೂಡಿದರೆ ಸಾಕು. ದೊಡ್ಡ ಒತ್ತುವರಿದಾರರ ಕಥೆಯೇ ಬೇರೆ: ಸರ್ಕಾರಿ ಜಮೀನಿನಲ್ಲಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡಲು ಭೂಕಂದಾಯ ಕಾಯ್ದೆಗೇ ತಿದ್ದುಪಡಿ ಬಂತು. ಎರಡೆಕರೆಯವನು ಮಾತ್ರ ಸಮಿತಿಯ ಮುಂದಿನ ಸಭೆ ಯಾವಾಗ ಎಂದು ಶಾಸಕರ ಆಪ್ತರನ್ನೇ ಕೇಳಬೇಕು.